ನೋಡಿ ಬಂದೇನಿ ಅಂದಿದ್ದ ರೇಸು

ಮೊದಲ ಒಂದು ಮಾತು ಹೇಳಿಬಿಡ್ತೇನಿ. ನಮ್ಮೂರು ಶಲವಡಿಯಿಂದ ಚೆನ್ನೈ ಮಟಾ ಹೋಗಿ ಕಾರಿನ ರೇಸು ನೋಡೂಣು ಅನ್ನೋ ಪ್ಲ್ಯಾನು ಹಾಕಿದಾಂವ ನಾನು. ಇದರಾಗ ಎಳ್ಳಷ್ಟೂ ಸುಳ್ಳಿಲ್ಲ. ಉಳಿದದ್ದರಾಗ ಒಂದೀಟು ಹೆಚ್ಚು ಕಡಿಮಿ ಇದ್ರ, ಅದು ನನ್ನ ಬಾಯಿ ಗುಣ ಅಂತ ಬಿಟ್ಟಬಿಡ್ರಿ.

ನಮ್ಮ ಕಡೆ ಓಟ ಅಂದ್ರ ಖಾಲಿ ಗಾಡಿ ಓಟ. ಎರಡು ಎತ್ತು, ಒಂದು ಚಕ್ಕಡಿ, ಹಿಂದ ಇನ್ನೂರು ಮಂದಿ ಧೂಳಾಗ ಓಡ್ತಿರ್ತಾರ. ಯಾರು ಗೆದ್ರು ಅನ್ನೋದು ಧೂಳು ಕುಂತ ಮ್ಯಾಲೆ ಗೊತ್ತಾಗ್ತೈತಿ, ಅದಕ್ಕೂ ಆಮ್ಯಾಲೆ ಜಗಳ ಬೀಳ್ತೈತಿ. ನಂಗ ಅದು ಸಾಕಾಗಿತ್ತು. ಎಂಟನೇತ್ತಾದಿಂದ ನಾ ಫೋನಿನ್ಯಾಗ ಕಾರಿನ ರೇಸು ನೋಡ್ಕೋತ ಬಂದಾಂವ. ಯಾವ ಧ್ವಜ ಯಾಕ ತೋರಸ್ತಾರ, ತಿರುವಿನ್ಯಾಗ ಯಾವ ಕಡೆಯಿಂದ ಮುಂದ ಹೋಗಬೇಕು, ಎಲ್ಲಾ ಬಾಯಿಪಾಠ. ಆದ್ರ ಫೋನಿನ್ಯಾಗ ಆ ಗಾಡಿ ಸಪ್ಪಳ ಗುಂಗಾಡಿ ಹಾರಿದಂಗ ಗುಂಯ್ ಅಂತೈತಿ, ಅಷ್ಟ. ಖರೇಖರೇ ಬಾಜುಕ ನಿಂತ್ರ ಎದಿ ಎಲುಬು ನಡಗ್ತಾವ ಅಂತ ನೋಡಿದವರು ಹೇಳ್ತಿದ್ರು. ನಂಗ ಯಾರು ಗೆಲ್ತಾರ, ಯಾರು ಸೋಲ್ತಾರ ಬೇಕಾಗಿದ್ದಿಲ್ಲ. ಆ ಸಪ್ಪಳ ಒಂದು ಸಲ ನನ್ನ ಎದಿಗೆ ಬಂದು ಬಡೀಬೇಕು. ಇಷ್ಟ ನನ್ನ ಆಸೆ.

ತೊಂದ್ರಿ ಏನಂದ್ರ, ಊರಿನ ಲೆಕ್ಕದಾಗ ನಾ ಅದನ್ನ ಆಗಲೇ ಕೇಳಿ ಬಂದಿದ್ದೆ.

ಅದು ಹೆಂಗಾತಪಾ ಅಂದ್ರ, ಹತ್ತನೇತ್ತಾ ಮುಗಿದ ಸೂಟಿಯೊಳಗ ನಾ ಹುಬ್ಬಳ್ಳಿ ಮಾವನ ಮನಿಗೆ ಹೋಗಿದ್ದೆ. ಮಾವ ಅಂದ್ರ ನಮ್ಮವ್ವನ ತಮ್ಮ. ಬೈಕ್ ಕಲಸ್ತೇನಿ ಬಾ ಅಂತ ಕರ್ಕೊಂಡು ಹೋಗಿ ನನ್ನನ್ನ ಜಾಲಿ ಕಂಟ್ಯಾಗ ಕೆಡವಿದ. ಮೈಗೆಲ್ಲಾ ಮುಳ್ಳು, ಒಂದು ಕಣ್ಣಿಗೂ ತರಚಿತ್ತು. ದವಾಖಾನ್ಯಾಗ ಔಷಧ ಹಾಕಿ, ಮುದುಕರಿಗೆ ಪೊರಿ ತಗದ ಮ್ಯಾಲೆ ಕೊಡ್ತಾರಲ್ಲ, ಅಂಥದ್ದ ಕರೇ ಚಸ್ಮಾ ಒಂದು ಕೊಟ್ರು. ಮಾವ ಹೊರಗ ಬಂದಾಂವನ ನನ್ನ ಎರಡೂ ಕೈ ಹಿಡಕೊಂಡ.

"ನಿಮ್ಮವ್ವಗ ಮಾತ್ರ ಹೇಳಬ್ಯಾಡಪಾ. ಆಕಿ ನನ್ನ ಹೊಸ್ತಲಾ ದಾಟಿಸಿ ಒಳಗ ಬಿಡಂಗಿಲ್ಲ."

"ಮತ್ತ ಈ ಚಸ್ಮಾಕ್ಕ ಏನ ಹೇಳ್ಲಿ?"

"ಏನರ ಹೇಳು. ಬಾಯಿ ಐತಲ್ಲ ನಿಂದು. ನಾನೂ ಹೂಂ ಅಂತೇನಿ."

ಐತಿ ನನ್ನ ಬಾಯಿ. ಊರಾಗ ಬಸ್ ಇಳಿಯೂದ್ರಾಗ ಕಥಿ ತಯಾರ ಇತ್ತು. ಮಾವ ನನ್ನ ಚೆನ್ನೈಗೆ ರೇಸು ನೋಡಾಕ ಕರ್ಕೊಂಡು ಹೋಗಿದ್ದ, ಅಲ್ಲೆ ಗಾಡಿ ಹೋಗೂ ಮುಂದ ಕಿಡಿ ಸಿಡೀತಾವ, ಅದಕ್ಕ ನೋಡಾಕ ಬಂದವರಿಗೆಲ್ಲಾ ಬಾಗಲದಾಗ ಇಂಥಾ ಚಸ್ಮಾ ಕೊಡ್ತಾರ! ಕಟ್ಟಿ ಮ್ಯಾಲೆ ಕುಂತಿದ್ದ ಅಜ್ಜ ಒಬ್ಬಾಂವ ನನ್ನ ಚಸ್ಮಾ ಇಸ್ಕೊಂಡು ಹಿಂದ ಮುಂದ ನೋಡಿದ.

"ನನ್ನ ಪೊರಿ ತಗದಾಗ ಇಂಥದ್ದ ಕೊಟ್ಟಿದ್ರಲೇ ತಮ್ಮಾ."

"ಕಂಪನಿ ಒಂದ ಅಜ್ಜಾ. ನಿಮ್ಮದು ಸಾದಾ, ನಮ್ಮದು ಸ್ಪೀಡಿಂದು."

ಅಜ್ಜ ಒಪ್ಪಿದ. ಅಜ್ಜ ಒಪ್ಪಿದ ಮ್ಯಾಲೆ ಊರು ಒಪ್ಪೂದು ಎಷ್ಟೊತ್ತು? ಸಪ್ಪಳಕ್ಕ ಮ್ಯಾಲೆ ಹಾರೋ ಹದ್ದು ಚಕ್ಕರ್ ಬಂದು ಬೀಳ್ತಾವ, ಅವನ್ನ ಎತ್ತಾಕ ಅಂತ ಬ್ಯಾರೇ ಆಳು ಇಟ್ಟಾರ ಅಂತ ಹೇಳಿದೆ. ಅದನ್ನೂ ಒಪ್ಪಿದ್ರು. ಅವ್ವ ಮಾತ್ರ ಫೋನ್ ಹಚ್ಚಿ ಮಾವಗ ನಾಲ್ಕು ದಿನ ಬೈದಳು, ಹೇಳದ ಕೇಳದ ಹುಡುಗನ್ನ ಅಷ್ಟು ದೂರ ಒಯ್ದಿಯಲ್ಲ ಅಂತ. ಮಾವ ಬೈಸ್ಕೊಂಡ. ಕಣ್ಣಿನ ಸುದ್ದಿಗಿಂತ ಇದು ಅವಗ ಅಗ್ಗ ಬಿದ್ದಿತ್ತು.

ಖರೇ ಸಂಗತಿ ನಾ ಹೇಳಿದ್ದು ಒಬ್ಬನ ಮುಂದ. ಒಂದನೇತ್ತಾದಿಂದ ನನ್ನ ಬಾಜು ಕುಂತಾಂವ, ನನ್ನ ಗೆಳೆಯ. ಕೆರಿ ದಂಡಿ ಮ್ಯಾಲೆ ಕುಂತು ಹೇಳಿದೆ. ಅಂವ ನಕ್ಕು ನಕ್ಕು ಹೊಟ್ಟಿ ಹಿಡಕೊಂಡು ಉಳ್ಳ್ಯಾಡಿದ. ಯಾರಿಗೂ ಹೇಳಂಗಿಲ್ಲ, ಯಮನೂರ ದೇವರಾಣಿ ಅಂದ. ವರ್ಷಾಗಾಕ ಬಂತು, ಒಂದು ದಿನ ಬಾಯಿ ಬಿಡಲಿಲ್ಲ. ಅಷ್ಟ ಅಲ್ಲ, ಮಂದಿ ಮುಂದ ನಾ ಕಥಿ ಹೇಳೂ ಮುಂದ ಎಲ್ಲೆರ ತಪ್ಪಿದ್ರ ಅಂವನ ಎತ್ತಿ ಕೊಡ್ತಿದ್ದ. "ಹದ್ದಿಂದು ಹೇಳಲೇ, ಹದ್ದಿಂದು ಬಿಟ್ಟಿ" ಅಂತಿದ್ದ. ಅಂಥಾ ಗೆಳೆಯ ಇದ್ರ ಮನಷಾ ಏನ ಬೇಕಾದ್ದು ಮಾಡಬಹುದು ಅಂತ ನನ್ನ ತಿಳುವಳಿಕಿ.

ಈ ವರ್ಷ ಪಿಯುಸಿ ಮೊದಲನೇ ವರ್ಷ. ಚೆನ್ನೈ ಹೊರಗಿನ ಟ್ರ್ಯಾಕಿನ್ಯಾಗ ಮುಂದಿನ ವಾರದ ಐತವಾರ ರೇಸು ಐತಿ ಅಂತ ಫೋನಿನ್ಯಾಗ ಬಂತು. ನಾ ಸೀದಾ ಕಾಕಾನ ಹಿಡದೆ. ಕಾಕಾ ಅಂದ್ರ ನಮ್ಮ ಖಾಸ ಕಾಕಾ ಅಲ್ಲ, ಬಾಜು ಓಣಿಯಾಂವ. ನವಲಗುಂದದಾಗ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಾನ, ಒಂದು ಹಳೇ ಕಾರೂ ಐತಿ. ಇಂಜಿನ್ ಸುದ್ದಿ ತಗದ್ರ ಊಟಾನೂ ಬಿಡ್ತಾನ.

"ಕಾಕಾ, ಅಲ್ಲೆ ನಾಕೂ ಗಾಲಿ ಎರಡ ಸೆಕೆಂಡಿನ್ಯಾಗ ಬಿಚ್ಚಿ ಹಾಕ್ತಾರ್ರಿ."

"ಸುಳ್ಳ ಬೊಗಳಬ್ಯಾಡಲೇ. ನಮ್ಮ ಗ್ಯಾರೇಜಿನ ಮಿಸ್ತ್ರಿ ಒಂದು ಗಾಲಿ ಬಿಚ್ಚಾಕ ಎರಡು ಸಲ ಚಾ ಕುಡೀತಾನ."

"ಅದಕ್ಕ ನೋಡಾಕ ಹೋಗೂಣು ಅನ್ನೂದ್ರಿ."

"ನೀ ಕಣ್ಣಾರೆ ನೋಡೀಯೇನು?"

"ನೋಡ್ದ ಹೇಳ್ತೇನೇನ್ರಿ?"

ಹಿಂಗ ಕಾಕಾ ಎದ್ದು ನಿಂತ. ಕಾಕಾ, ಆರನೇತ್ತಾ ಓದೋ ಅವನ ಮಗ, ನಾನು, ನನ್ನ ಗೆಳೆಯ. ನಾಕ ಟಿಕೇಟು. ಯಾವ ಕಡೆ ಕುಂದರಬೇಕು ಅನ್ನೂದನ್ನ ನಾನ ಆರಿಸಿದೆ. ದೊಡ್ಡ ತಿರುವಿನ ಬಾಜು, ಗಾಡಿ ವೇಗ ಕಡಿಮಿ ಮಾಡಿ ಮತ್ತ ಒಮ್ಮಿಂದೊಮ್ಮೆ ಗರ್ಜಿಸೋ ಜಾಗಾ. ಮರುದಿವಸ ನೋಡಿದ್ರ ಟಿಕೇಟೆಲ್ಲಾ ಖಾಲಿ. ನಮ್ಮ ನಸೀಬು ನೋಡ್ರಿ ಕಾಕಾ ಅಂತ ನಾ ಮೀಸಿ ತಿರುವಿದೆ, ಇನ್ನೂ ಬರದ ಮೀಸಿ.

ಆಮ್ಯಾಲೆ ಎಂಟು ದಿನ ನಾ ಮನಷಾ ಆಗಿದ್ದಿಲ್ಲ, ಕಲೆಕ್ಟರ್ ಆಗಿದ್ದೆ. ನೋಟ್‌ಬುಕ್ಕಿನ ಹಿಂದ ದಾರಿ ಬರದೆ. ಯಾವ ಊರಾಗ ಚಾ, ಯಾವ ಊರಾಗ ಊಟ, ಕಾಕಾನ ಮಗನ್ನ ಎಲ್ಲೆಲ್ಲೆ ಒಂದಕ್ಕ ಇಳಸಬೇಕು, ಎಲ್ಲಾ. ಸಾಲಿ ಮೈದಾನದಾಗ ಧ್ವಜದ ಕ್ಲಾಸು ತುಗೊಂಡೆ. ಹಳದಿ ಧ್ವಜಕ್ಕ ಅವ್ವನ ಕುಪ್ಪಸದ ಖಣ, ಗೆದ್ದಾಗ ಬೀಸೋ ಕರೇ ಬಿಳೇ ಚೌಕದ್ದಕ್ಕ ಕಾಕಾ ಒಣಗಾಕ ಹಾಕಿದ್ದ ಲುಂಗಿ. ಗೆಳೆಯ ಮೋಟರ್ ಸೈಕಲ್ ಮ್ಯಾಲೆ ಸುತ್ತು ಹಾಕ್ತಿದ್ದ, ನಾ ಲುಂಗಿ ಬೀಸ್ತಿದ್ದೆ. ಕಾಕಾ ಟವಲ್ ಸುತ್ತಿಕೊಂಡು ಬಂದು ತನ್ನ ಲುಂಗಿ ಕಸಕೊಂಡು ಹೋದ. ಕಿವ್ಯಾಗ ಇಟ್ಕೊಳ್ಳಾಕ ಹತ್ತಿ ಬೇಕಲ್ಲ, ಅಂಗಡ್ಯಾಗಿಂದು ಯಾಕ ಅಂತ ನಮ್ಮ ಹೊಲದ್ದ ಅರ್ಧ ಚೀಲ ತುಂಬಿದೆ.

"ಇಷ್ಟು ಹತ್ತ್ಯಾಗ ಗಾದಿ ಆಗ್ತೈತಿ, ನಾಕು ಮಂದಿಗೆ ಎಷ್ಟು ಕಿವಿ ಅದಾವಲೇ?" ಅಂದ ಗೆಳೆಯ.

"ನಿಮಗ ಮೂರು ಮಂದಿಗೆ. ನಂಗ ಬ್ಯಾಡ. ನಾ ಕೇಳಾಕ ಹೊಂಟಾಂವ."

ಅಂವ ಚೀಲದ ಬಾಯಿ ಕಟ್ಟಿದ. "ಹೌದಲ್ಲ, ನಿಂದೂ ಇದ ಮೊದಲನೇ ಸಲ" ಅಂದ. ಅಗದಿ ಸಾವಕಾಶ, ಯಾರಿಗೂ ಕೇಳದಂಗ. ಆ ಮಾತು ನಂಗ ಚೊಲೊ ಅನಿಸಿತ್ತು. ನೆನಪ ಇಡ್ರಿ, ಅದು ಅವನ ಬಾಯಿಲೇ ಬಂದ ಮಾತು.

ಮಂಗಳವಾರ ಕಾಕಾ ಗಾಡಿ ತುಗೊಂಡು ಯಮನೂರ ದರ್ಗಾಕ್ಕ ಹೋಗಿ ಸಕ್ಕರಿ ಓದಿಸಿಕೊಂಡು ಬಂದ. ಶುಕ್ರವಾರ ಮಧ್ಯಾಹ್ನ ಹೊರಡೂದು. ಬುಧವಾರ ಸಂಜಿಮುಂದ ಗುಡಗೇರಿಯಿಂದ ಕಾಕೂನ ತಮ್ಮ ಬಂದಿಳಿದ. ಕಾಕೂ ಅಂದ್ರ ಕಾಕಾನ ಹೆಂಡ್ತಿ. ಆ ತಮ್ಮ ಕಾಳಿನ ವ್ಯಾಪಾರಸ್ಥ. ಅಂವ ಎಡಕ್ಕ ಕುಂತ್ರ ಗಾಡಿ ಎಡಕ್ಕ ವಾಲ್ತೈತಿ, ಬಲಕ್ಕ ಕುಂತ್ರ ರಸ್ತಾನ ವಾಲ್ತೈತಿ. ಅಂವ ಕಟ್ಟಿ ಮ್ಯಾಲೆ ಕುಂತು ಹೇಳಿದ, "ಮಾಮಾ, ನಾನೂ ಬರ್ತೇನಿ. ಏಳ್ನೂರು ಕಿಲೋಮೀಟರ್ ಮ್ಯಾಲೆ ಐತಿ, ನೀವೊಬ್ಬರ ಹೆಂಗ ಗಾಡಿ ಹೊಡೀತೀರಿ?"

ಮಾತು ಬರೋಬ್ಬರಿ ಇತ್ತು. ಕಾರಿನ್ಯಾಗ ಐದು ಮಂದಿಗೆ ಜಾಗಾನೂ ಇತ್ತು. ಟಿಕೇಟು ನಾಕ ಇದ್ವು. ಕಾಕಾ ತಲಿ ಕೆರಕೊಂಡ. ಹೆಂಡ್ತಿ ತಮ್ಮಗ ಒಲ್ಲೆ ಅನ್ನಾಕಾಗಂಗಿಲ್ಲ, ಮಗನ್ನ ಬಿಡಾಕಾಗಂಗಿಲ್ಲ. ಉಳಿದವರು ನಾವಿಬ್ರು. ರೊಟ್ಟಿ ಎಷ್ಟು ಕಟ್ಟಲಿ ಅಂತ ಕೇಳಾಕ ಬಂದ ನಮ್ಮವ್ವನೂ ಅಲ್ಲೇ ನಿಂತಿದ್ದಳು.

"ಚೀಟಿ ಹಾಕೂಣೇನ್ರಲೇ?" ಅಂದ ಕಾಕಾ.

ಅವಾಗ ನನ್ನ ಗೆಳೆಯ ನೆಲಾ ನೋಡ್ಕೋತ ಹೇಳಿದ, "ಚೀಟಿ ಯಾಕ ಬೇಕು ಕಾಕಾ? ಇಂವ ಒಮ್ಮೆ ನೋಡಿ ಬಂದಾನಲ್ಲ."

ನಾ ನಕ್ಕೆ. ಖರೇನ ನಕ್ಕೆ. ಚಾಷ್ಟಿ ಮಾಡಾಕತ್ತಾನ, ಈಗ ತಾನೂ ನಗ್ತಾನ ಅಂತ ಕಾದೆ. ಅಂವ ನಗಲಿಲ್ಲ. ಕಾಕಾನ ಮಾರಿ ಮಾತ್ರ ಅರಳಿತು, ದೊಡ್ಡ ಭಾರ ಇಳಿದಂಗ. "ಅಲ್ಲ ಮತ್ತ! ಒಮ್ಮೆ ನೋಡಿದಾಂವ ಉಳೀಲಿ, ನೋಡಲಾರದಾಂವ ಬರ್ಲಿ. ಇದು ನ್ಯಾಯ."

ಒಂದು ಕಡೆ ಮಾವನ ಗುಟ್ಟು, ಒಂದು ಕಡೆ ಒಂದು ವರ್ಷದ ನನ್ನ ಹದ್ದು, ಕಿಡಿ, ಚಸ್ಮಾ. ಎಲ್ಲಾ ಒಂದ ಸಲ ನುಂಗಿ ಹೇಳಿಬಿಟ್ಟೆ. "ಕಾಕಾ, ನಾ ನೋಡಿಲ್ರಿ. ಸುಳ್ಳ ಹೇಳಿದ್ದೆ. ನಾ ಹುಬ್ಬಳ್ಳಿ ಬಿಟ್ಟು ಹೋಗೇ ಇಲ್ಲ. ಜಾಲಿ ಕಂಟ್ಯಾಗ ಬಿದ್ದು ಕಣ್ಣಿನ ದವಾಖಾನ್ಯಾಗ ಇದ್ದೆ."

ನನ್ನ ಜೀವನದಾಗ ಅಷ್ಟು ಚೊಕ್ಕ ಖರೇ ನಾ ಎಂದೂ ಹೇಳಿದ್ದಿಲ್ಲ. ಕಟ್ಟಿ ಮ್ಯಾಲಿನ ಮಂದಿ ಬಿದ್ದು ಬಿದ್ದು ನಕ್ರು.

"ನೋಡ್ರಿ, ಟಿಕೇಟಿನ ಸಲುವಾಗಿ ಹೆಂಗ ಕಥಿ ಕಟ್ಟತಾನ!" ಅಂದ ಕಾಕೂನ ತಮ್ಮ. "ಜಾಲಿ ಕಂಟಿ ಅಂತ! ಏನ ತಲಿ ಐತ್ಲೇ ನಿಂದು!"

"ಖರೇ ಬೇ ಅವ್ವಾ, ಮಾವನ್ನ ಕೇಳು ಬೇಕಾದ್ರ."

ಅವ್ವ ಅಲ್ಲೇ ಫೋನ್ ಹಚ್ಚಿದಳು, ಎಲ್ಲಾರಿಗೂ ಕೇಳೂವಂಗ. "ಏನೋ, ಅವತ್ತ ಇಂವನ್ನ ಚೆನ್ನೈಗೆ ಒಯ್ದಿದ್ದಿಲ್ಲಂತ, ಕಣ್ಣಿಗೆ ಮುಳ್ಳು ಹೊಡಿಸಿದ್ದಿ ಅಂತ, ಖರೇನು?"

ಆ ಕಡೆಯಿಂದ ಮಾವನ ಧ್ವನಿ, ಬೆಣ್ಣಿ ಹಂಗ. "ಏನ ಮುಳ್ಳು ಅಕ್ಕಾ? ಚೆನ್ನೈಗೆ ಹೋಗಿದ್ವಲ್ಲ. ನೀನ ಬೈದಿಯಲ್ಲ ನಾಕು ದಿನ. ಯಾಕ, ಏನಾತು?"

ಏನಾತು ಅಂತ ಕೇಳ್ತಾನ! ನಾ ಅವಗ ಹೇಳಿಕೊಟ್ಟ ಸುಳ್ಳನ್ನ ನನ್ನ ಮ್ಯಾಲೆ ಅಷ್ಟು ಚಂದ ಹೇಳಿ, ಅಂವ ಫೋನ್ ಇಟ್ಟ. ಮಾವಂದು ನಂಗ ಅಷ್ಟು ಹತ್ತಲಿಲ್ಲ. ಅಂವಗ ಅಕ್ಕನ ಅಂಜಿಕಿ. ಉಳಿದಾಂವ ಒಬ್ಬ ಸಾಕ್ಷಿ. ನಾ ಗೆಳೆಯನ ಕಡೆ ತಿರಗಿದೆ.

"ನೀನರ ಹೇಳಲೇ. ನಿನಗ ಗೊತ್ತೈತಿ."

ಅಂವ ಚಪ್ಪಲ ಉಂಗುಟದಲೇ ಮಣ್ಣು ಕೆದರಿಕೋತ ನಿಂತಿದ್ದ. ಕಿವಿ ಎರಡೂ ಕೆಂಪಗಾಗಿದ್ವು. ಹೇಳ್ತಾನ ಅನಿಸ್ತು. ಬಾಯಿ ತಗದ ಕೂಡ್ಲೇ ನನ್ನ ಎದಿ ಹಗರಾತು.

"ನಂಗೇನ ಗೊತ್ತು ಕಾಕಾ?" ಅಂದ. "ಹದ್ದು ಬಿದ್ದದ್ದು ಸುದ್ದಾ ಹೇಳಿದ್ದ. ನೋಡದ ಇದ್ರ ಅದೆಲ್ಲಾ ಹೆಂಗ ಗೊತ್ತಾಗ್ತಿತ್ತು?"

ಹದ್ದಿನ ಮ್ಯಾಲೆ ಹೋಯ್ತ್ರಿ ನನ್ನ ಟಿಕೇಟು.

ಶುಕ್ರವಾರ ಮಧ್ಯಾಹ್ನ ಅವರು ಹೊಂಟ್ರು. ನಾ ಬರದ ದಾರಿ ಕಾಗದ ಕಾಕಾನ ಜೇಬಿನ್ಯಾಗ. ನಮ್ಮವ್ವನ ರೊಟ್ಟಿ, ಶೇಂಗಾ ಚಟ್ನಿ ಡಿಕ್ಕಿಯೊಳಗ. ಗೆಳೆಯ ಕಿಟಕಿ ಬಾಜು ಕುಂತು ನನ್ನ ಕಡೆ ನೋಡಲಾರದ, ಕಾಕಾನ ಮಗನ ಕೂಡ ಏನೋ ಮಾತಾಡಿಕೋತ ಇದ್ದ. ಕಾಕಾ ಮಾತ್ರ ಪಾಪ, ಕೈ ಹೊರಗ ಹಾಕಿ, "ಮುಂದಿನ ಸಲ ನೀನ ಮೊದಲಲೇ" ಅಂದ. ಕಾಕಾಂದು ಏನ ತಪ್ಪು? ಅಂವ ನಾ ಹೇಳಿದ್ದನ್ನ ನಂಬಿದ್ದ, ಅಷ್ಟ.

ಐತವಾರ ನಾ ಹೊಲದಾಗ ಬೇವಿನ ಗಿಡದ ಕೆಳಗ ಕುಂತಿದ್ದೆ. ಅವ್ವ ಕಡ್ಲಿ ಕೀಳಾಕ ಕಳಿಸಿದ್ದಳು, ನಾ ಕೀಳಾಕತ್ತಿದ್ದಿಲ್ಲ. ಗೆಳೆಯನ ವಿಡಿಯೋ ಕಾಲ್ ಬಂತು. ಬಿಟ್ಟೆ. ಮತ್ತ ಬಂತು. ಬಿಟ್ಟೆ. ಮೂರನೇ ಸಲ ಎತ್ತಿದೆ.

ತಿರುವಿನ ಬಾಜುಕ ಇದ್ರು, ನಾ ಆರಿಸಿದ ಜಾಗಾ. ಅಂವ ಒದರಾಕತ್ತಿದ್ದ. "ಹಳದಿ ಧ್ವಜ ಬೀಸ್ಯಾರಲೇ, ಯಾಕ? ಕಾಕಾ ಕೇಳಾಕತ್ತಾನ."

ಹೇಳಬಾರದಿತ್ತು. ಆದ್ರ ನಂಗ ಗೊತ್ತಿದ್ದದ್ದು ನನ್ನ ಹೊಟ್ಟ್ಯಾಗ ನಿಲ್ಲಂಗಿಲ್ಲ. "ಮುಂದ ಯಾವುದೋ ಗಾಡಿ ಕೆಟ್ಟು ನಿಂತೈತಿ. ಯಾರೂ ಮುಂದ ದಾಟಬಾರದು" ಅಂತ ಕೂಗಿ ಹೇಳಿದೆ. ಅಂವ ಕಾಕಾನ ಕಡೆ ತಿರಗಿ, "ಗಾಡಿ ಕೆಟ್ಟೈತ್ರಿ ಕಾಕಾ, ನಂಗ ಅನಿಸಿತ್ತು" ಅಂದ.

ಆಮ್ಯಾಲೆ ಫೋನು ಟ್ರ್ಯಾಕಿನ ಕಡೆ ಹಿಡದ. "ಕೇಳಲೇ, ನಿನ್ನ ಸಲುವಾಗಿ ಹಿಡದೇನಿ, ಕೇಳು!" ಗಾಡಿ ಬಂದ್ವು. ಒಂದರ ಹಿಂದ ಒಂದು, ನೀಲಿ, ಕೆಂಪು, ತಿರುವಿನ್ಯಾಗ ಬಗ್ಗಿ ಎದ್ದು ಹೋದ್ವು. ಸಪ್ಪಳ ಇಲ್ಲ. ಅಷ್ಟು ದೊಡ್ಡ ಸಪ್ಪಳ ಫೋನಿಗೆ ತಾಳಲಿಲ್ಲೋ ಏನೋ, ಚರ್ ಚರ್ ಅಂದು ಕಡೀಕ ಏನೂ ಇಲ್ಲ. ಬಾಯಿ ಮುಚ್ಚಿಕೊಂಡು ಓಡೋ ಗಾಡಿಗೋಳು. ನಮ್ಮ ಬೇವಿನ ಗಿಡದಾಗಿನ ಕಾಗಿ ಅದಕ್ಕಿಂತ ಜೋರು ಒದರಾಕತ್ತಿತ್ತು.

"ಯಾಕ ಹಂಗ ಹೇಳಿದಿ?" ಅಂತ ಕೇಳಿದೆ.

"ಏನ?"

"ಬುಧವಾರ. ಯಾಕ ಹಂಗ ಹೇಳಿದಿ? ನಿನಗ ಗೊತ್ತಿತ್ತಲ್ಲ."

"ಏನ? ಕೇಳವಲ್ದಲೇ! ಭಾಳ ಸಪ್ಪಳ ಐತಿ ಇಲ್ಲೆ!"

ಮೂರನೇ ಸಲ ನಾ ಗಿಡದ ಕೆಳಗಿಂದ ಎದ್ದು ನಿಂತು ಒದರಿದೆ. ಬಾಜು ಹೊಲದ ಹೆಣ್ಮಕ್ಕಳು ಕೆಲಸ ಬಿಟ್ಟು ನನ್ನ ಕಡೆ ನೋಡಿದ್ರು. ಅಂವ ಒಂದು ಕಿವಿ ಮುಚ್ಚಿ, ಫೋನಿಗೆ ಇನ್ನೊಂದು ಕಿವಿ ಹಚ್ಚಿದ. ಪರದೆ ತುಂಬ ಅವನ ಕಿವಿ, ಅದರಾಗ ನಮ್ಮ ಹೊಲದ ಹತ್ತಿ.

"ಕೇಳವಲ್ದೋ!" ಅಂದ, ನಕ್ಕೋತ. ಅವನ ಮಾರಿ ಮ್ಯಾಲೆ ಅಂಥಾ ಖುಷಿ ನಾ ಎಂದೂ ನೋಡಿದ್ದಿಲ್ಲ.

"ಏನಿಲ್ಲ. ನೋಡು ನೀ" ಅಂತ ಹೇಳಿ ಫೋನ್ ಇಟ್ಟೆ.

ಮಂಗಳವಾರ ಅಂವ ನಮ್ಮ ಮನಿ ಕಟ್ಟಿಗೆ ಬಂದು ಕುಂತ. ಅವತ್ತ ಏನ ಕೇಳಾಕತ್ತಿದ್ದಿ ಅಂತ ಎರಡು ಸಲ ಕೇಳಿದ. ಕೇಳೂ ರೀತ್ಯಾಗ ಗೊತ್ತಾಗ್ತಿತ್ತು, ಅವಗ ಗೊತ್ತೈತಿ ಅಂತ. ಮರತೇನಿ ಅಂದೆ. ನಾ ಇಷ್ಟು ಸಣ್ಣ ಸುಳ್ಳು ಹೇಳಿದ್ದು ಅದ ಮೊದಲು. ಅಂವ ಅದನ್ನೂ ನಂಬಿದಂಗ ಮಾಡಿದ.