ರಸಬಾಳೆಯೊಳಗಿನ ಗುಳಿಗೆ

ಸೀಬೆಹಣ್ಣು ಕಹಿ ಅಂದಳು ನಾಗು.

ಹೆಗ್ಗಡದೇವನಕೋಟೆಯ ಸಂತೆಯಲ್ಲಿ, ಹಣ್ಣು ಮಾರುವ ಬೂಬಮ್ಮನ ಮುಂದೆ ನಿಂತಿದ್ದೆವು. ಸಂತೆಯ ದಿನ ನನಗೂ ನನ್ನ ಆರು ವರ್ಷದ ಮಗಳಿಗೂ ಒಂದು ಗುಟ್ಟು ಇರುತ್ತಿತ್ತು. ಉಪ್ಪು ಖಾರ ಸವರಿದ ಸೀಬೆಹಣ್ಣು, ಸೆರಗಿನ ತುಂಬ ಕಡ್ಲೆಪುರಿ, ನಾಲ್ಕು ಬತ್ತಾಸು. ಬೀದಿಯಲ್ಲಿ ನಿಂತು ತಿನ್ನುವ ಸುದ್ದಿ ನಮ್ಮ ಅತ್ತೆಯ ಕಿವಿಗೆ ಬಿದ್ದರೆ ಭೂಮಿ ಆಕಾಶ ಒಂದು ಮಾಡುತ್ತಿದ್ದರು. ಅದಕ್ಕೇ ಬಾಯಿ ಒರೆಸಿಕೊಂಡು, ಏನೂ ಅರಿಯದವರಂತೆ ಮನೆ ಸೇರುತ್ತಿದ್ದೆವು.

ಅವತ್ತು ಅವಳು ಕಚ್ಚಿದ್ದನ್ನು ಉಗಿದಳು. ನೆತ್ತಿ ಸುಡುವ ಬಿಸಿಲು. ಮಗು ನಡುಗುತ್ತಿತ್ತು.

ಬೂಬಮ್ಮ ಅವಳ ಕೈ ಮುಟ್ಟಿ ನೋಡಿ, "ಚಳಿಜ್ವರ ಕಣವ್ವ. ತಡ ಮಾಡ್ಬ್ಯಾಡ, ಆಸ್ಪತ್ರೆಗೆ ಕರ್ಕಂಡೋಗು," ಅಂದಳು.

ನಮ್ಮದು ಕಾಡಿನಂಚಿನ ಊರು. ಚಳಿಜ್ವರ ಇಲ್ಲಿ ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುತ್ತದೆ. ಇದು ಹೋಗಲಿಲ್ಲ. ದಿನ ಬಿಟ್ಟು ದಿನ ಬಂತು. ಮಹಾರಾಜರ ಸರ್ಕಾರದ ಆಸ್ಪತ್ರೆಯ ಡಾಕ್ಟರು ನಾಗುವಿನ ಹೊಟ್ಟೆ ಒತ್ತಿ ನೋಡಿದರು. "ಮಲೇರಿಯಾ. ಸ್ಪ್ಲೀನ್, ಅಂದರೆ ಗುಲ್ಮ, ದೊಡ್ಡದಾಗಿದೆ. ಕ್ವಿನೈನ್ ಒಂದು ಹೊತ್ತೂ ತಪ್ಪಬಾರದು."

ಕ್ವಿನೈನ್ ಮಿಕ್ಸ್ಚರ್ ಗಂಟಲಿಗಿಳಿದದ್ದೇ ತಡ, ವಾಂತಿ. ಮೂರು ದಿನ ಹಾಗೇ ಆಯಿತು. ಕಾಂಪೌಂಡರು ಗುಳಿಗೆ ಕೊಟ್ಟರು. ಅದನ್ನೂ ಉಗಿದಳು. ನಮ್ಮ ಯಜಮಾನರು ಕಚೇರಿ ಗುಮಾಸ್ತರು. ಅಮಲ್ದಾರರ ಜೊತೆ ಸರ್ಕೀಟು ಹೋಗಿದ್ದರು. ಏನು ಮಾಡುವುದಿದ್ದರೂ ನಾನೇ ಮಾಡಬೇಕಿತ್ತು.

ರಸಬಾಳೆ ಅಂದರೆ ನಾಗು ಜೀವ ಬಿಡುತ್ತಿದ್ದಳು. ಹಣ್ಣಿನ ತುಂಡು ಸೀಳಿ, ಒಳಗೆ ಗುಳಿಗೆಯ ಚೂರಿಟ್ಟು ಮುಚ್ಚಿ ಬಾಯಿಗಿಟ್ಟೆ. "ಅಗೀಬ್ಯಾಡ ಕಂದ, ಹಂಗೇ ನುಂಗು." ನುಂಗಿದಳು. ಎರಡು ದಿನ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರನೆಯ ದಿನ ಅಗಿದಳು.

ಮುಖ ಕಿವುಚಿ, ಅಂಗೈಗೆ ಉಗಿದು ನೋಡಿದಳು. "ಇದೇನವ್ವ?"

"ಬೀಜ ಕಣವ್ವ."

ರಸಬಾಳೆಯಲ್ಲಿ ಬೀಜವಿಲ್ಲ ಅನ್ನುವುದು ಆರು ವರ್ಷದ ಮಗುವಿಗೂ ಗೊತ್ತು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಹಣ್ಣಿನಲ್ಲಿ ಔಷಧಿ ಇಟ್ಟದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಬೀಜ ಎಂದು ಸುಳ್ಳು ಹೇಳಿದ್ದಕ್ಕೆ ಮಾತ್ರ ಇದೆ.

ಆಮೇಲೆ ಕ್ವಿನೈನ್ ಕುಡಿಸಿದ್ದು ಮೂಗು ಹಿಡಿದು. ನಾನು ಕೈಕಾಲು ಅದುಮಬೇಕು, ಕಾಂಪೌಂಡರು ಹುಯ್ಯಬೇಕು. ವಾರದಲ್ಲಿ ಜ್ವರ ಬಿಟ್ಟಿತು.

ಮಗು ಊಟ ಬಿಟ್ಟಿತು.

ಗಂಜಿ ಕೊಟ್ಟರೆ ಬೆರಳಾಡಿಸಿ, ತಳ ತಡಕಿ, ತಟ್ಟೆ ದೂಡುತ್ತಿದ್ದಳು. ಹಾಲನ್ನು ಮೂಸಿ ಮುಖ ತಿರುಗಿಸುತ್ತಿದ್ದಳು. ನೀರು ಮಾತ್ರ ಕುಡಿಯುತ್ತಿದ್ದಳು, ಅದೂ ತಾನೇ ಮಡಕೆಯಿಂದ ಮೊಗೆದುಕೊಂಡು. ಪಕ್ಕೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ಎತ್ತಿಕೊಂಡರೆ ಭಾರವೇ ಇರಲಿಲ್ಲ. ಮತ್ತೆ ಡಾಕ್ಟರ ಹತ್ತಿರ ಓಡಿದೆ.

"ಜ್ವರಕ್ಕೆ ನನ್ನ ಹತ್ತಿರ ಔಷಧಿ ಇತ್ತಮ್ಮ. ಇನ್ನು ತಿಂದರಷ್ಟೇ ಮಗು ಉಳಿಯೋದು. ಅದು ನಿಮ್ಮ ಕೈಲಿದೆ," ಅಂದರು.

ನನ್ನ ಕೈಯನ್ನೇ ಅಲ್ಲವೇ ಅವಳು ನಂಬದೆ ಹೋದದ್ದು.

ಮಾರನೆಯ ಬೆಳಿಗ್ಗೆ ಎರಡು ರಸಬಾಳೆ ತಂದು, ಸಿಪ್ಪೆ ಸಮೇತ ಅವಳ ಮುಂದಿಟ್ಟೆ.

"ನೀನು ಮೊದ್ಲು ತಿನ್ನು," ಅಂದಳು.

ಒಂದನ್ನು ಸುಲಿದು ಕಚ್ಚಿದೆ.

"ನೀನು ಆಮೇಲೆ ಉಗೀತೀಯ."

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಂಜಲು ಅಂದರೆ ಅವರಿಗೆ ಬೆಂಕಿ ಮುಟ್ಟಿದ ಹಾಗೆ. ತಮ್ಮ ಚೊಂಬಿಗೂ ತುಟಿ ತಾಗಿಸದೆ ಎತ್ತಿ ಕುಡಿಯುವವರು. ನಾಗು ಕಚ್ಚಿ ಬಿಟ್ಟ ರೊಟ್ಟಿಯನ್ನು ನಾನು ತಿಂದೆನೆಂದು ಒಂದು ದಿನವಿಡೀ ನನ್ನ ಜೊತೆ ಮಾತು ಬಿಟ್ಟವರು. ಬೈಗುಳ ಬರಲಿ ಎಂದು ತಲೆ ತಗ್ಗಿಸಿ ಕೂತೆ.

ಅವರು ಬಂದು ಮೊಮ್ಮಗಳೆದುರು ನೆಲದ ಮೇಲೆ ಕೂತರು. ಇನ್ನೊಂದು ಹಣ್ಣು ಸುಲಿದು ಕಚ್ಚಿದರು. ಅಗಿದು ನುಂಗಿ, ಬಾಯಿ ಅಗಲಿಸಿದರು.

"ನೋಡು ಮಗ. ಏನಾರ ಐತಾ?"

ನಾಗು ಬಗ್ಗಿ ನೋಡಿದಳು. ನಾಲಿಗೆ ಎತ್ತಿಸಿಯೂ ನೋಡಿದಳು. ಅಜ್ಜಿ ಯಾರಿಗೂ ಎಂಜಲು ಕೊಡುವವಳಲ್ಲ ಎಂದು ಅವಳಿಗೂ ಗೊತ್ತಿತ್ತು. ಆಮೇಲೆ ಅದೇ ಹಣ್ಣಿಗೆ ಬಾಯಿ ಹಾಕಿದಳು. ನಾನು ಅಡುಗೆಮನೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಅವತ್ತಿನಿಂದ ಇಪ್ಪತ್ತು ದಿನ ಗಂಜಿ, ಮುದ್ದೆ, ಸಾರು, ಹಣ್ಣು, ಏನೇ ಆಗಲಿ, ಅತ್ತೆ ಒಂದು ತುತ್ತು ತಿಂದೇ ಕೊಟ್ಟರು. "ನಿಮಗೆ ಹಿಂಸೆ ಆಗ್ತಿದೆ ಅತ್ತೆ," ಅಂದೆ ಒಮ್ಮೆ.

"ಸುಮ್ಕಿರು. ಎಂಜ್ಲು ತೊಳೆದ್ರೆ ಓಯ್ತದೆ. ಮಗ ಕೈಬುಟ್ರೆ ಬತ್ತದಾ?"

ಈಗ ನಾಗು ಓಡಾಡಿಕೊಂಡಿದ್ದಾಳೆ. ಸ್ಪ್ಲೀನ್ ಇನ್ನೂ ಪೂರ್ತಿ ಇಳಿದಿಲ್ಲ, ಮಳೆಗಾಲದಲ್ಲಿ ಹುಷಾರಾಗಿರಿ ಎಂದಿದ್ದಾರೆ ಡಾಕ್ಟರು. ನಾನು ಬಡಿಸಿದ್ದನ್ನು ತಿನ್ನುತ್ತಾಳೆ, ಆದರೆ ಮುರಿದು ನೋಡಿ. ನನಗೆ ಅದರಿಂದ ಬೇಜಾರಿಲ್ಲ ಅಂದರೆ ಅದು ನಾನು ಹೇಳುವ ಎರಡನೆಯ ಸುಳ್ಳಾಗುತ್ತದೆ. ಮಗಳು ಉಳಿದಳು. ಆ ಭಾಗ್ಯದ ಮುಂದೆ ನನ್ನ ಬೇಜಾರು ಯಾವ ಲೆಕ್ಕ?

ಕಳೆದ ಸಂತೆಗೆ ಮೂವರೂ ಹೋಗಿದ್ದೆವು. ಅತ್ತೆ ಬಳೆ ಅಂಗಡಿಯ ಕಡೆ ಮುಖ ಮಾಡಿ, ನಮ್ಮನ್ನು ಕಾಣದವರ ಹಾಗೆ ನಿಂತರು. ಬಾಣಲೆಯಿಂದ ಆಗತಾನೇ ತೆಗೆದ ಅಂಬೊಡೆ ಮುತ್ತುಗದೆಲೆಯಲ್ಲಿ ನಾಗುವಿನ ಕೈಗೆ ಬಂತು. ಊದಿ ಊದಿ ಒಂದು ಚೂರು ಕಚ್ಚಿದಳು. ಉಳಿದದ್ದನ್ನು ನನ್ನ ಬಾಯಿಗೆ ಹಿಡಿದಳು. ನಾನು ಅವಳನ್ನೇ ನೋಡುತ್ತ, ಬಾಯಿ ತೆರೆಯುವುದನ್ನೇ ಮರೆತೆ. ನನಗೆ ಅನುಮಾನ ಎಂದುಕೊಂಡಳೋ ಏನೋ, ಬೇಗ ಬೇಗ ನುಂಗಿ, ಬಾಯಿ ಅಗಲಿಸಿ ತೋರಿಸಿದಳು.

"ಏನೂ ಇಟ್ಟಿಲ್ಲ ಕಣವ್ವ. ತಿನ್ನು."