ವೈನಿಯ ಕತ್ತರಿ, ನನ್ನ ತಿದ್ದುಪಡಿ

ನಾನು ಜೀವನದಲ್ಲಿ ಒಂದೇ ಒಂದು ಸಲ ತಡಮಾಡಿದವಳು. ಗ್ರೀಕ್, ಲ್ಯಾಟಿನ್ ಕಲಿಸಿದ ಅಷ್ಟೂ ವರ್ಷ ಗಂಟೆ ಬಾರಿಸುವ ಮೊದಲೇ ತರಗತಿಯಲ್ಲಿ ನಿಂತಿದ್ದೇನೆ. ಬೆಂಚಿನ ಮೇಲೆ ಮೂವರೇ ಇದ್ದರೂ ಹಾಜರಿ ಕರೆದಿದ್ದೇನೆ. ಅವರಲ್ಲೊಬ್ಬಳು ಪಕ್ಕದ ಕೋಣೆಯ ಗದ್ದಲ ತಾಳದೆ ಬಂದು ಕೂತವಳೆಂದು ತಿಳಿದದ್ದು ವರ್ಷದ ಕೊನೆಗೆ. ಹಾಜರಿ ಮಾತ್ರ ಅವಳದೇ ಪೂರ್ತಿ ಇತ್ತು.

ಮಂಗಸೂಳಿಯ ರೈತರ ಮಗಳಿಗೆ ಲ್ಯಾಟಿನ್ ಹೇಗೆ ಅಂಟಿತು ಎಂದು ಜನ ಕೇಳುತ್ತಾರೆ. ಅದು ಶಿಸ್ತಿನ ಭಾಷೆ. ಪ್ರತಿ ಪದವೂ ತನ್ನ ಕೆಲಸವೇನೆಂದು ಬಾಲದಲ್ಲೇ ಹೇಳಿಕೊಂಡು ಬರುತ್ತದೆ. ಮನುಷ್ಯರಲ್ಲಿ ಈ ಸೌಲಭ್ಯವಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ಮುಂಬಯಿಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ದೀಪಾವಳಿ ರಜೆ ಮುಗಿದ ಸೋಮವಾರ ಪಿಎಚ್‌ಡಿ ಪ್ರಬಂಧ ಸಲ್ಲಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಹುದ್ದೆ ಇಲ್ಲ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ವಿಷಯ, ರೋಮನ್ನರ ಬೇಸಾಯದ ಬರಹಗಳು. ನನ್ನ ಹೆಮ್ಮೆಯೆಲ್ಲ ನಾಲ್ಕನೆಯ ಅಧ್ಯಾಯದಲ್ಲಿತ್ತು. ದ್ರಾಕ್ಷಿ ಕಡ್ಡಿಯನ್ನು ಕಣ್ಣಿನ ಮೇಲೆ, ಅಂದರೆ ಚಿಗುರೊಡೆಯುವ ಮೊಗ್ಗಿನ ಮೇಲೆ, ಓರೆಯಾಗಿ ಕತ್ತರಿಸಬೇಕು. ಆ ಓರೆ ಕಣ್ಣಿನ ಹಿಂದಕ್ಕೆ ಇಳಿಯಬೇಕು ಎಂದು ಒಂದು ಹಳೆಯ ಹಸ್ತಪ್ರತಿ ಹೇಳುತ್ತಿತ್ತು. ಏಕೆಂದು ಹೇಳುವ ಸಾಲನ್ನು ಹುಳು ತಿಂದಿತ್ತು. ನೀರು ಕಣ್ಣಿಗೆ ಸಿಗಬೇಡವೇ, ನಕಲು ಮಾಡಿದವನೇ ತಪ್ಪಿದ್ದಾನೆ ಎಂದು ಮೂವತ್ತು ಪುಟ ವಾದಿಸಿ, ಓರೆಯನ್ನು ನಾನು ಕಣ್ಣಿನ ಕಡೆಗೆ ತಿರುಗಿಸಿದ್ದೆ. ಆ ಲಿಪಿಕಾರನ ತೂಕಡಿಕೆಯ ಬಗ್ಗೆ ಒಂದು ಹಾಸ್ಯದ ವಾಕ್ಯವನ್ನೂ ಸೇರಿಸಿದ್ದೆ.

ಟೈಪಾದ ಪ್ರತಿಗಳೊಂದಿಗೆ ಊರಿಗೆ ಬಂದೆ. ನನ್ನ ಬಾಲ್ಯದಲ್ಲಿ ನಮ್ಮ ಹೊಲದಲ್ಲಿ ಬರೀ ಕಬ್ಬು, ಜೋಳ. ದ್ರಾಕ್ಷಿ ಹಾಕಿದವನು ಅಣ್ಣ. ಅದನ್ನು ಆಳುತ್ತಿದ್ದವರು ಅವನ ಹೆಂಡತಿ ಗಂಗವ್ವ ವೈನಿ. ತೋಟದಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿತ್ತು. ನಾನೂ ಕತ್ತರಿ ಹಿಡಿದು ನನ್ನ ಅಧ್ಯಾಯದ ಪ್ರಕಾರ ಒಂದು ಸಾಲನ್ನು ಅಚ್ಚುಕಟ್ಟಾಗಿ ಮುಗಿಸಿದೆ.

"ಏ ಸುಶೀಲಾ, ಏನ ಮಾಡೀಬೇ ಇದು?"

"ಓರೆ ಕತ್ತರಿಸೇನ್ರಿ ವೈನಿ, ಕಣ್ಣಿನ ಕಡೆ."

"ಅದಕ್ಕs ನೋಡಿಲ್ಲಿ!" ಕತ್ತರಿಸಿದ ತುದಿಯಿಂದ ಬಳ್ಳಿಯ ನೀರು ಜಿನುಗಿ ನೇರವಾಗಿ ಮೊಗ್ಗಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಹಿಂಗ ತೊಯ್ದರ ಕಣ್ಣ ಕೊಳೀತೈತಿ. ನೀರ ಹಿಂದಕ್ಕ ಇಳೀಬೇಕು. ಯಾವ ಮಾಸ್ತರ ಕಲಿಸಿದಾ ನಿನಗ ಇದನ್ನ?"

"ನಾನs ಕಲತೇನ್ರಿ."

"ಹಂಗಾರ ಕತ್ರಿ ಇಡು. ಹೋಗಿ ಚಾ ಮಾಡು."

ಚಹಾ ಕುದಿಯುವಷ್ಟು ಹೊತ್ತು ಯೋಚಿಸಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಪರೀಕ್ಷಕರಲ್ಲಿ ಒಬ್ಬರೂ ಬಳ್ಳಿ ಮುಟ್ಟಿದವರಲ್ಲ. ಆದರೆ ಆ ಲಿಪಿಕಾರ ಅರ್ಥವಾಗಲಿ ಬಿಡಲಿ, ಕಂಡದ್ದನ್ನು ಕಂಡಂತೆ ಬರೆದಿದ್ದ. ನಾನು ಅರ್ಥ ಮಾಡಿಕೊಂಡು ಕೆಡಿಸಿದ್ದೆ. ತೂಕಡಿಸಿದ್ದು ಅವನಲ್ಲ.

ಪ್ರಿನ್ಸಿಪಾಲರಿಗೆ ತಂತಿ ಕಳಿಸಿ ಅಧ್ಯಾಯವನ್ನು ಹರಿದೆ. ನನ್ನ ಒಂದೇ ತಡ ಅದು. ಹುದ್ದೆ ಹೋಯಿತು. ನಿಪ್ಪಾಣಿಯ ಹೈಸ್ಕೂಲಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸುತ್ತ ಪ್ರಬಂಧ ಮುಗಿಸಿದೆ. ಆಮೇಲೆ ಬೇರೊಂದು ಕಾಲೇಜು ಕರೆಯಿತು.

ಮೌಖಿಕ ಪರೀಕ್ಷೆಯಲ್ಲಿ ಹಿರಿಯರೊಬ್ಬರು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, "ಈ ಗಂಗವ್ವ ಎಂಬವರ ಗ್ರಂಥ ಎಲ್ಲಿ ಸಿಗುತ್ತದೆ?" ಎಂದರು.

"ಗ್ರಂಥ ಬರೆದಿಲ್ಲ ಸರ್. ಮಂಗಸೂಳಿಯಲ್ಲಿದ್ದಾರೆ. ಬೆಳಗ್ಗೆ ಹೋದರೆ ತೋಟದಲ್ಲಿ ಸಿಗುತ್ತಾರೆ."

ವೈನಿಗೂ ಆ ಪುಟ ತೋರಿಸಿದೆ. "ಇಷ್ಟ ಸಣ್ಣ ಅಕ್ಷರದಾಗ ಬರದೀಯಲ್ಲಬೇ!" ಎಂದು ಗೊಣಗಿದರೂ, ಆ ವರ್ಷದ ಚಾಟ್ನಿಗೆ ಮತ್ತೆ ನನ್ನ ಕೈಗೆ ಕತ್ತರಿ ಕೊಟ್ಟರು, ಒಂದೇ ಸಾಲಿಗೆ. ನಾನು ಮುಂದೆ, ಪ್ರತಿ ಕಣ್ಣನ್ನೂ ಬಗ್ಗಿ ನೋಡುತ್ತ ಅವರು ಹಿಂದೆ. ಸಾಲು ಮುಗಿದಾಗ ಚಹಾ ಅವರೇ ಮಾಡಿದರು.