ಆಟದೊಳಗಿನ ಬಾವಿಗೆ ನಾನು ಕೊಟ್ಟ ದನಿ

ವಿಡಿಯೊ ಗೇಮಿಗೆ ದನಿ ಕೊಡಲು ಮನುಷ್ಯರು ಬೇಕಾಗುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಜೇವರ್ಗಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು ನಾನು. ಚಿಕ್ಕಂದಿನಿಂದ ನಾಟಕದ ಹುಚ್ಚು. ರೇಡಿಯೊ ನಾಟಕಗಳಲ್ಲಿ ಆಗಾಗ ಅತ್ತೆಯಾಗಿ, ಅಜ್ಜಿಯಾಗಿ, ಒಮ್ಮೆ ಎಮ್ಮೆ ಕಳೆದುಕೊಂಡ ಹೆಂಗಸಾಗಿ ಮಾತಾಡಿ ಬಂದಿದ್ದೆ. ಆ ದನಿ ಕೇಳಿದ ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. ಒಂದು ದಿನ ದೂರದ ಊರಿನ ಗೇಮ್ ಕಂಪನಿಯ ನಿರ್ದೇಶಕನೊಬ್ಬ ಫೋನ್ ಮಾಡಿದ. ಅವನು ಮಾಡುತ್ತಿದ್ದ ಆಟ ನಿಜಾಮರ ಆಳ್ವಿಕೆಯ ಕಡೆಯ ದಿನಗಳದ್ದು. ಬರ್ಮಾದ ಯುದ್ಧದಿಂದ ಮರಳಿದ ಸಿಪಾಯಿಯೊಬ್ಬ ಭೀಮಾ ದಂಡೆಯ ತನ್ನ ಹಳ್ಳಿಗೆ ಬರುತ್ತಾನೆ. ಊರಿನ ಮೇಲೆ ಬಂದೂಕು ಹಿಡಿದು ಬರುವವರ ಜೊತೆ ಹೋರಾಡುತ್ತಾನೆ. ಹಳ್ಳಿಯವರ ಮಾತು ನಿಮ್ಮ ಭಾಗದ್ದೇ ಇರಬೇಕು ಮೇಡಂ, ಅದಕ್ಕೇ ನಿಮ್ಮನ್ನು ಹುಡುಕಿದೆವು ಎಂದ. ನಮ್ಮ ಭಾಷೆಯನ್ನು ಯಾರಾದರೂ ಹುಡುಕಿಕೊಂಡು ಬಂದರೆ ಹಿಗ್ಗದೆ ಇರಲು ಆಗುತ್ತದೆಯೇ? ಒಪ್ಪಿಕೊಂಡೆ.

ರೆಕಾರ್ಡಿಂಗ್ ಇದ್ದದ್ದು ಕಲಬುರಗಿಯ ಒಂದು ಸಣ್ಣ ಸ್ಟುಡಿಯೊದಲ್ಲಿ. ನಿರ್ದೇಶಕ ಮೂವತ್ತರ ಆಸುಪಾಸಿನ, ಬಹಳ ಮರ್ಯಾದೆಯ ಹುಡುಗ. ಲ್ಯಾಪ್‌ಟಾಪಿನಲ್ಲಿ ತನ್ನ ಆಟದ ಚಿತ್ರಗಳನ್ನು ತೋರಿಸಿದ. ಮೊದಲು ತೋರಿಸಿದ್ದು ಬಂದೂಕುಗಳನ್ನು. ಯಾವುದು ಯಾವ ದೇಶದಲ್ಲಿ ತಯಾರಾದದ್ದು, ಯಾವುದಕ್ಕೆ ಎಷ್ಟು ತೂಕ, ಎಲ್ಲ ಅವನ ಬಾಯಲ್ಲಿತ್ತು. ಗುಂಡು ಹಾರಿಸುವ ಕುದುರೆ ಎಳೆದಾಗ ಬರುವ ಸದ್ದನ್ನು ಹಳೆಯ ಬಂದೂಕೊಂದನ್ನು ತರಿಸಿ ಅದರಿಂದಲೇ ಹಿಡಿದಿದ್ದರಂತೆ. ನಾಯಕನ ಕೈಗಡಿಯಾರ ಆ ಕಾಲದ್ದು, ಜೀಪಿನ ದೀಪ ಆ ಕಾಲದ್ದು, ಕಂದೀಲಿನ ಗಾಜು ಸಹ ಆ ಕಾಲದ್ದು. ಇಷ್ಟು ಶ್ರದ್ಧೆ ಇರುವವರು ಎಂದು ನನಗೆ ಗೌರವ ಮೂಡಿತು.

ಆಮೇಲೆ ನನ್ನ ಪಾತ್ರದ ಹಾಳೆ ಕೊಟ್ಟ. ಅದರ ಮೇಲೆ 'ಹಳ್ಳಿ ಹೆಂಗಸು' ಎಂದಷ್ಟೇ ಇತ್ತು. ಕೆಳಗೆ ಅವಳ ಮಾತು: ಓಡಿ ಓಡಿ, ಅಯ್ಯೋ ದೇವರೇ, ಯಾರಾದರೂ ಕಾಪಾಡಿ ಸ್ವಾಮಿ. ನಮ್ಮ ಕಡೆ ಯಾವ ಹೆಂಗಸೂ ಯಾವ ಕಾಲದಲ್ಲೂ ಆಡದ ಮಾತುಗಳು. ಉಳಿದದ್ದು ಚೀರಾಟ. ದೂರದಿಂದ ಕೇಳುವ ಚೀರು, ಹತ್ತಿರದ ಚೀರು, ಬೆಂಕಿ ಕಂಡಾಗಿನ ಚೀರು. ಇವಳು ಯಾರು, ಯಾವ ಓಣಿಯವಳು ಎಂದು ಕೇಳಿದೆ. ಅವನು ಕಂಪ್ಯೂಟರಿನಲ್ಲಿ ನೋಡಿ, ಬಾವಿಯ ಹತ್ತಿರ ಕೊಡ ಹಿಡಿದು ನಿಂತಿರುತ್ತಾಳೆ ಮೇಡಂ ಎಂದ.

ಬಾವಿ ಎಂದೊಡನೆ ನಾನು ನನ್ನ ಅವ್ವನ ಕಥೆ ಹೇಳಿದೆ. ಅವ್ವ ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಸ್ಪೃಶ್ಯರೆಂದು ಊರ ಹೊರಗೆ ಇಟ್ಟಿದ್ದ ಕೇರಿಯಲ್ಲಿ. ಊರ ಬಾವಿಯನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. ಅಜ್ಜಿ ಬಾವಿಯಿಂದ ದೂರದಲ್ಲಿ ಕೊಡಗಳನ್ನು ಸಾಲಾಗಿ ಇಟ್ಟು ಕೂರುತ್ತಿದ್ದಳು. ಪಕ್ಕದಲ್ಲಿ ನನ್ನ ಅವ್ವ, ಸಣ್ಣ ಹುಡುಗಿ. ನೀರು ಸೇದುವ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಕೊಡಕ್ಕೆ ಸುರಿದು ಹೋಗುತ್ತಿದ್ದರು. ಯಾರಿಗೂ ಮನಸ್ಸು ಬಾರದಿದ್ದರೆ ಹೊತ್ತು ನೆತ್ತಿಗೆ ಬರುವ ತನಕ ಕೂರುವುದು. ಆಗ ಹೇಳುವ ಮಾತು ಒಂದೇ.

'ಯವ್ವಾ, ಒಂದ್ ಕೊಡ ನೀರ ಹಾಕ್ರೆವ್ವಾ.'

ಈ ಮಾತನ್ನು ಅವ್ವ ಹೇಳುವ ರೀತಿಯೇ ಬೇರೆ. ಅಂಗಲಾಚಿದರೆ ನೀರು ಹಾಕುವವರಿಗೆ ಕಿರಿಕಿರಿಯಾಗುತ್ತಿತ್ತಂತೆ. ದನಿ ಸ್ವಲ್ಪ ಏರಿದರೆ ಸೊಕ್ಕು ಎನ್ನುತ್ತಿದ್ದರಂತೆ. ಹಾಗಾಗಿ ಇವೆರಡರ ನಡುವೆ, ಏರಿಳಿತವಿಲ್ಲದ ಒಂದು ದನಿಯನ್ನು ಅಜ್ಜಿ ಕಂಡುಕೊಂಡಿದ್ದಳು. ಅವ್ವ ಅದನ್ನು ಕಲಿತಿದ್ದಳು. ಸ್ಟುಡಿಯೊದಲ್ಲಿ ಆ ದನಿಯಲ್ಲೇ ಹೇಳಿ ತೋರಿಸಿದೆ. ನಿರ್ದೇಶಕ ಇನ್ನೊಮ್ಮೆ ಹೇಳಿಸಿ ಕೇಳಿದ. ಆಮೇಲೆ ಇದನ್ನು ರೆಕಾರ್ಡ್ ಮಾಡೋಣ ಎಂದ. ಕೇರಿಯನ್ನು ತೋರಿಸುತ್ತೇವೆ, ಕೊಡಗಳ ಸಾಲು ಇಡುತ್ತೇವೆ, ಆಡುವವರಿಗೆ ಅರ್ಥವಾಗಬೇಕು ಎಂದು ಅವನಾಗಿಯೇ ಹೇಳಿದ. ನಾನು ಖುಷಿಯಿಂದ ಬಸ್ಸು ಹತ್ತಿ, ದಾರಿಯಲ್ಲೇ ಅವ್ವನಿಗೆ ಫೋನ್ ಮಾಡಿ, ನಿನ್ನ ಮಾತು ಆಟದಾಗ ಬರ್ತದ ಎಂದೆ. ಆಟದಾಗ ಯಾಕ ಎಂದಳು. ಬಂದ ಮ್ಯಾಲ ತೋರಿಸ್ತೇನಿ ಎಂದೆ.

ಆಟ ಬಂತು. ಅವ್ವ ಇರುವುದು ಆಳಂದದಲ್ಲಿ, ನನ್ನ ತಮ್ಮನ ಮನೆಯಲ್ಲಿ. ತಮ್ಮ ಫೋಟೊ ಅಂಗಡಿ ಇಟ್ಟಿದ್ದಾನೆ. ಹರೆಯದಿಂದಲೂ ಅವನಿಗೆ ಮಹಾಯುದ್ಧದ ಆಟಗಳ ಗೀಳು. ಎಂದೂ ನೋಡದ ಯುರೋಪಿನ ನದಿ, ಸೇತುವೆಗಳ ಹೆಸರೆಲ್ಲ ಅವನಿಗೆ ಬರುತ್ತಿದ್ದದ್ದು ಅಲ್ಲಿಂದಲೇ. ಒಂದು ಭಾನುವಾರ ನಾನು ಆಳಂದಕ್ಕೆ ಹೋದೆ. ಅವ್ವ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು.

ಹಳ್ಳಿ ಚೆಂದವಿತ್ತು, ಸುಳ್ಳು ಹೇಳಬಾರದು. ಕರಿಮಣ್ಣು, ತೆನೆ ಹಿಡಿದ ಜೋಳ, ಮಣ್ಣಿನ ಗೋಡೆಯ ದೊಡ್ಡ ವಾಡೆ ಮನೆ, ಹೊಳೆಯ ಮೇಲೆ ಬಿಸಿಲು. ತಮ್ಮ ಸಿಪಾಯಿಯನ್ನು ನಡೆಸಿಕೊಂಡು ಬಾವಿಯ ಹತ್ತಿರ ಬಂದ. ಗಡಗಡೆಯ ಹಗ್ಗ ಎಳೆದು ಹೆಂಗಸರು ನೀರು ಸೇದುತ್ತಿದ್ದರು. ಸ್ವಲ್ಪ ಈಚೆ ಹಸಿರು ಸೀರೆಯವಳೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು. ಸಿಪಾಯಿ ಹತ್ತಿರ ಹೋದೊಡನೆ ನನ್ನ ದನಿ ಕೇಳಿಸಿತು. ಯವ್ವಾ, ಒಂದ್ ಕೊಡ ನೀರ ಹಾಕ್ರೆವ್ವಾ. ಮೀಸೆಯ ಗಂಡಸನ್ನು ಆಕೆ ಯವ್ವಾ ಎನ್ನುತ್ತಿದ್ದಳು. ಪರದೆಯ ಮೇಲೆ ಒಂದು ಗುಂಡಿ ಮೂಡಿತು. ತಮ್ಮ ಅದನ್ನು ಒತ್ತಿದ. ಸಿಪಾಯಿ ನೀರು ಸೇದಿ ಆಕೆಯ ಕೊಡಕ್ಕೆ ಹಾಕಿದ. ಗಂಟೆಯ ಸದ್ದಾಯಿತು, ಬಂಗಾರದ ಬಣ್ಣದ ಅಕ್ಷರ ಮೇಲೆದ್ದವು: ಪುಣ್ಯ ಹೆಚ್ಚಿತು. ಮರುಗಳಿಗೆ ಕೊಡ ತಾನಾಗಿಯೇ ಖಾಲಿಯಾಯಿತು. ಆಕೆ ಮತ್ತೆ ಕೇಳಿದಳು. ಮತ್ತೆ ಹಾಕಿದರೆ ಮತ್ತೆ ಪುಣ್ಯ.

ತಮ್ಮ ಸಿಪಾಯಿಯನ್ನು ಊರ ತುಂಬ ಓಡಾಡಿಸಿದ. ಗುಡಿ ಇತ್ತು, ದರ್ಗಾ ಇತ್ತು, ಠಾಣೆ ಇತ್ತು. ಕೇರಿ ಇರಲಿಲ್ಲ. ಕೊಡಗಳ ಸಾಲೂ ಇರಲಿಲ್ಲ. ಬಾವಿಗೆ ಆ ಹೆಂಗಸು ಏಕೆ ಕೈ ಹಚ್ಚುವುದಿಲ್ಲ ಎಂಬುದಕ್ಕೆ ಇಡೀ ಆಟದಲ್ಲಿ ಒಂದು ಅಕ್ಷರವಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. 'ಆಕಿ ತಾನ ಯಾಕ ಸೇದವಲ್ಲಳು ಅಂತ ಎಲ್ಲ್ಯಾರ ಹೇಳ್ಯಾರೇನು?'

ಇಲ್ಲ ಎಂದ ತಮ್ಮ.

'ಮತ್ತ ಆಡೋರಿಗಿ ಹ್ಯಾಂಗ ತಿಳೀಬೇಕು?' ಎಂದಳು. ನನ್ನ ಮುಖ ನೋಡದೆ ಎದ್ದು ಒಳಗೆ ಹೋದಳು.

ಆಡುವವರಿಗೆ ತಿಳಿಯಲಿಲ್ಲ. ತಿಳಿಯದಿದ್ದರೆ ಏನಾಗುತ್ತದೆ ಎಂಬುದು ಮುಂದಿನ ವಾರಗಳಲ್ಲಿ ಗೊತ್ತಾಯಿತು. ಪಕ್ಕದಲ್ಲೇ ಬಾವಿ, ಕೈಯಲ್ಲೇ ಕೊಡ, ಆದರೂ ಸೇದಿಕೊಳ್ಳದೆ ಬಂದವರನ್ನೆಲ್ಲ ಯವ್ವಾ ಎಂದು ಕರೆಯುವ ಹೆಂಗಸು. ಅವಳಿಗೆ 'ಸೋಮಾರಿ ಆಂಟಿ' ಎಂದು ಹೆಸರಿಟ್ಟರು. ನನ್ನ ಮಾತನ್ನು ಕತ್ತರಿಸಿ, ತಾಳ ಹಾಕಿ, ಕುಣಿಯುವ ಬೆಕ್ಕುಗಳ ವಿಡಿಯೊಗಳಿಗೆ ಸೇರಿಸಿ ಹಂಚಿದರು. ಜೇವರ್ಗಿಯಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಫೋನಿನಿಂದ ಅದು ಕೇಳಿಸಿತು, ಜೊತೆಗೆ ನಗು. ನನ್ನದೇ ಕಾಲೇಜಿನ ಕಾರಿಡಾರಿನಲ್ಲಿ ಒಬ್ಬ ವಿದ್ಯಾರ್ಥಿ ನೀರಿನ ಫಿಲ್ಟರಿನ ಮುಂದೆ ಬಾಟಲಿ ಚಾಚಿ, ಗೆಳೆಯನಿಗೆ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿದ. ಅಜ್ಜಿ ಬಿಸಿಲಲ್ಲಿ ಕುಳಿತು ಕಂಡುಕೊಂಡ ಧಾಟಿ ಅದು.

ಆ ದಿನ ತರಗತಿಯಲ್ಲಿ ಪಾಠ ಮಾಡಲಿಲ್ಲ. ಆ ಆಂಟಿಯ ದನಿ ನನ್ನದು ಎಂದು ಹೇಳಿದೆ. ಆ ಮಾತು ಯಾರದ್ದು, ಯಾವ ಬಾವಿಯದ್ದು ಎಂಬುದನ್ನೂ ಹೇಳಿದೆ. ಫಿಲ್ಟರಿನ ಹತ್ತಿರ ಅಣಕಿಸಿದವನು ತಲೆ ತಗ್ಗಿಸಿ ಕುಳಿತಿದ್ದ. ಅವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ, ಅವನಿಗೆ ಯಾರು ಹೇಳಿದ್ದರು? ಬೆಲ್ ಆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದಳು.

'ನಮ್ಮೂರಾಗ ಈಗ ಮನಿ ಮನಿಗಿ ನಳ ಬಂದಾವ್ರಿ ಮೇಡಂ. ಆದ್ರ ಚಾದ ಹೋಟೆಲ್‌ನಾಗ ನಮ್ಮ ಮಂದಿ ಲೋಟ ಇನ್ನೂ ಬ್ಯಾರೇನ ಐತ್ರಿ.'

ಇಷ್ಟು ಹೇಳಿ ಹೊರಟುಹೋದಳು. ನಾನು ಸ್ಟಾಫ್ ರೂಮಿಗೂ ಹೋಗದೆ ಅಲ್ಲೇ ನಿಂತು ನಿರ್ದೇಶಕನಿಗೆ ಫೋನ್ ಮಾಡಿದೆ.

ಅವನ ಮರ್ಯಾದೆ ಮೊದಲಿನಷ್ಟೇ ಇತ್ತು. ತಾನು ಕೇರಿ, ಕೊಡ ಎಲ್ಲ ಮಾಡಿಸಿದ್ದೆ, ಮೇಲಿನವರು ನೋಡಿ ತೆಗೆಸಿದರು ಎಂದ. ಜಾತಿಯ ವಿಷಯ ಬಂದರೆ ವಿವಾದ ಆಗುತ್ತದಂತೆ. ನಿಮ್ಮ ಆಟದಲ್ಲಿ ಊರಿಗೆ ಊರೇ ಸುಡುತ್ತದೆ, ಮನುಷ್ಯರ ತಲೆ ಸಿಡಿಯುತ್ತದೆ, ಅದಕ್ಕೆ ವಿವಾದ ಇಲ್ಲವೇ ಎಂದು ಕೇಳಿದೆ.

'ಅದು ಆಕ್ಷನ್, ಮೇಡಂ' ಎಂದ.

ಹಾಗಾದರೆ ಆ ಒಂದು ಮಾತನ್ನಾದರೂ ಏಕೆ ಉಳಿಸಿದಿರಿ ಎಂದೆ. ನೀವು ತುಂಬಾ ಸಹಜವಾಗಿ ಹೇಳಿದ್ದಿರಿ, ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ ಎಂದ. ಮೆಚ್ಚುಗೆಯ ಮಾತು ಇಷ್ಟು ಚುಚ್ಚುತ್ತದೆ ಎಂದು ಆವತ್ತು ಗೊತ್ತಾಯಿತು. ಕಾರಣವನ್ನು ಆಟದೊಳಗೆ ಹಾಕಿ ಎಂದು ಕೇಳಿದೆ. ಒಂದು ಕೇರಿ, ಒಂದು ಸಾಲು ಕೊಡ, ಬಾವಿಯ ಕಟ್ಟೆಯಿಂದ ಆಕೆಯನ್ನು ಗದರುವ ಒಂದು ದನಿ ಸಾಕು. ಮೇಲಿನವರ ಜೊತೆ ಮಾತಾಡುತ್ತೇನೆ ಎಂದ. ಆಮೇಲೆ ಅವನು ಫೋನು ಎತ್ತುವುದನ್ನೇ ನಿಲ್ಲಿಸಿದ.

ಅವ್ವನ ಊರಿನ ಬಾವಿಗೇ ಹೋಗಿ, ಕಾರಣ ಹೇಳುವ ವಿಡಿಯೊ ನಾವೇ ಮಾಡೋಣ ಅಕ್ಕ ಎಂದ ತಮ್ಮ. ಅವ್ವನನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಅವಳೇ ಕೇಳಿಸಿಕೊಂಡು, ನಾನೂ ಬರ್ತೇನಿ ಎಂದು ಸೀರೆ ಬದಲಿಸಿದಳು. ಮದುವೆಯಾಗಿ ಆಳಂದಕ್ಕೆ ಬಂದು, ಮುಂದೆ ಮನೆಯವರೆಲ್ಲ ಬೌದ್ಧರಾದ ಮೇಲೆ ಅವಳು ಆ ಬಾವಿಯ ದಿಕ್ಕಿಗೆ ಹೋದವಳಲ್ಲ.

ಬಾವಿಗೆ ಈಗ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಒಳಗೆ ಆಲದ ಸಸಿ ಬೆಳೆದಿದೆ. ತಾವು ಕೂರುತ್ತಿದ್ದ ಜಾಗವನ್ನು ಅವ್ವ ತಡವರಿಸದೆ ತೋರಿಸಿದಳು. ಅಲ್ಲಿ ಯಾರದೋ ತೊಗರಿ ಕಟ್ಟಿಗೆ ಒಟ್ಟಿತ್ತು. ತಮ್ಮ ಕ್ಯಾಮೆರಾ ಹಿಡಿದ. ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಬ್ಯಾಗಿನಲ್ಲೇ ಬಿಟ್ಟೆ. ಅವ್ವನೇ ಮಾತಾಡಿದಳು.

'ನಾವು ಸೋಮಾರಿ ಇದ್ದಿಲ್ಲ. ಇವರ ಹೊಲದಾಗ ದುಡಿದು ಬಂದು ಇವರ ಬಾವಿ ಮುಂದ ಕುಂದರ್ತಿದ್ದಿವಿ. ಈ ಬಾವಿ ತೋಡಿದವರೂ ನಮ್ಮ ಮಂದೀನ. ನೀರು ಬೀಳೂ ತನಕ ನಮ್ಮ ಕೈ ನಡೀತಿದ್ವು. ನೀರು ಬಿದ್ದ ಮ್ಯಾಲ ನಡೀಲಿಲ್ಲ.'

ಸುತ್ತ ನಾಲ್ಕಾರು ಜನ ಸೇರಿದ್ದರು. ಅವರಲ್ಲಿ ಒಬ್ಬಾತ ಮೋಟರ್ ಸೈಕಲ್ ಮೇಲೆ ಕುಳಿತೇ, ಹಳೇದೆಲ್ಲ ಯಾಕ ತಗೀತೀರಿ ಎಂದು ಕೇಳಿದ. ಜಗಳ ಬೇಕಾಗಿರಲಿಲ್ಲ ಅವನಿಗೆ. ಬೇಸರದ ದನಿ ಅಷ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ತಿರುಗಿದಳು.

'ಹಳೇದಲ್ಲೋ ತಮ್ಮಾ. ಈಗೀಗ ಬಂದ ಆಟ ಇದು.'

ಅವನಿಗೆ ಅರ್ಥವಾಗಲಿಲ್ಲ. ಗಾಡಿ ಶುರು ಮಾಡಿ ಹೋದ.

ವಿಡಿಯೊ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಜನರ ಕಣ್ಣಿಗೆ ಬಿತ್ತು. ಕೆಲವರು ಗೊತ್ತಿರಲಿಲ್ಲ, ತಪ್ಪಾಯಿತು ಎಂದು ಬರೆದರು. ಕೆಲವರು ಬೈದರು, ಆಟವನ್ನು ಆಟದ ಹಾಗೆ ನೋಡಿ ಎಂದು ಬುದ್ಧಿ ಹೇಳಿದರು. ಬಂದೂಕಿನ ಸದ್ದು ಒಂಚೂರು ಬೇರೆಯಾದರೆ ಇದೇ ಜನ ಕಂಪನಿಯನ್ನು ಜಾಲಾಡುತ್ತಾರೆ ಎಂದು ತಮ್ಮ ತೋರಿಸಿದ. ನಿಜವಾಗಿಯೂ ಆಟ ಆಡುವವರ ಜಾಲತಾಣದಲ್ಲಿ ಪುಟಗಟ್ಟಲೆ ಅಂಥ ವಾದವಿತ್ತು. ನಾಯಕನ ಸೊಂಟದ ಪಟ್ಟಿಯ ಬಕಲು ಆ ವರ್ಷದ್ದಲ್ಲವಂತೆ. ಅದನ್ನು ಕಂಪನಿ ಕೂಡಲೇ ಸರಿಪಡಿಸಿತ್ತು.

ನಮ್ಮ ವಿಷಯವನ್ನೂ ಕಂಪನಿ ಸರಿಪಡಿಸಿತು. ಯಾರ ಭಾವನೆಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ ಎಂದು ಎರಡು ಸಾಲು ಹಾಕಿ, ನನ್ನ ದನಿಯನ್ನು ತೆಗೆದುಹಾಕಿತು. ಈಗ ಆ ಹೆಂಗಸು ಅದೇ ಹಸಿರು ಸೀರೆಯಲ್ಲಿ, ಅದೇ ಜಾಗದಲ್ಲಿ ನಿಂತಿರುತ್ತಾಳೆ. ಸಿಪಾಯಿ ಹತ್ತಿರ ಹೋದರೆ ತುಟಿ ಅಲ್ಲಾಡುತ್ತವೆ, ಸದ್ದಿಲ್ಲ. ನೀರು ಹಾಕಿದರೆ ಪುಣ್ಯ ಮಾತ್ರ ಈಗಲೂ ಬರುತ್ತದೆ. ನಾನು ಕೇಳಿದ್ದು ಕಾರಣ. ಅವರು ಕಿತ್ತುಕೊಂಡದ್ದು ಮಾತು. ಅಜ್ಜಿಯ ಕಾಲದಲ್ಲಿ ಕೇಳುವುದಕ್ಕಾದರೂ ಬಾಯಿ ಇತ್ತು.

ಹೋದ ತಿಂಗಳು ಅದೇ ಕಂಪನಿಯಿಂದ ಇನ್ನೊಬ್ಬಳು ಫೋನ್ ಮಾಡಿದಳು. ಈ ಸಲದ ಆಟ ಅದಕ್ಕೂ ಹಿಂದಿನದು, ಸೊಲ್ಲಾಪುರದ ಗಿರಣಿಗಳ ಕಾಲದ್ದು. ಆಳಂದದ ಹತ್ತಿರದ ಖಜೂರಿ ಕಡೆಯಿಂದ ನಿಜಾಮರ ಗಡಿ ದಾಟಿ ದುಡಿಯಲು ಹೋದ ಹೆಂಗಸರ ಪಾತ್ರಗಳಿವೆ, ನಿಮ್ಮ ದನಿ ಬೇಕು ಎಂದಳು. ಹಿಂದೆ ಏನಾಯಿತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ದನಿ ಕೊಡುತ್ತೇನೆ, ಆದರೆ ಕಥೆ ಬರೆಯುವಾಗಲೇ ನನ್ನನ್ನು ಜೊತೆಗೆ ಕೂರಿಸಿಕೊಳ್ಳಬೇಕು, ನನ್ನನ್ನು ಕೇಳದೆ ಒಂದು ಮಾತೂ ತೆಗೆಯಬಾರದು ಎಂದೆ. ವಿಚಾರಿಸಿ ಹೇಳುತ್ತೇನೆ ಎಂದಳು. ಹೇಳಲಿಲ್ಲ.

ಆಳಂದಕ್ಕೆ ಹೋದಾಗ ಅವ್ವ ಅದನ್ನು ಕೇಳಿದಳು. ಫೋನ್ ಬಂದಿಲ್ಲ ಎಂದೆ. 'ಬರೂದಿಲ್ಲ. ಹೋಗ್ಲಿ ಬಿಡು' ಎಂದು ರೊಟ್ಟಿ ಬಡಿಯಲು ಕುಳಿತಳು. ನನಗೆ ಹೋಗಲಿ ಬಿಡು ಎನ್ನಲು ಬರುತ್ತಿಲ್ಲ.